ಹಬ್ಬ ಎಲ್ಲರದು, ಲೆಕ್ಕ ಮಾತ್ರ ನನ್ನ ತಲೆಯಲ್ಲಿ

ಪ್ರಶ್ನೆ: ನನಗೆ 41 ವರ್ಷ, ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಗಂಡ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, ಅತ್ತೆ. ಹಬ್ಬ, ರಜೆ ಹತ್ತಿರ ಬಂತೆಂದರೆ ಎಲ್ಲರಿಗೂ ಖುಷಿ, ನನಗೆ ಮಾತ್ರ ಎದೆ ಡವಡವ. ಆಫೀಸಿನಲ್ಲೂ ಅದೇ ಹೊತ್ತಿಗೆ ಕೆಲಸ ಮುಗಿಸುವ ಗಡಿಬಿಡಿ. ಪ್ರತಿ ಸಲ ಪಟ್ಟಿ ಮಾಡುತ್ತೇನೆ, ಪ್ರತಿ ಸಲ ಅದು ಅರ್ಧಕ್ಕೇ ನಿಲ್ಲುತ್ತದೆ. ‘ಏನು ಮಾಡಬೇಕು ಹೇಳು, ಮಾಡ್ತೀವಿ’ ಅನ್ನುತ್ತಾರೆ ಮನೆಯವರು. ಹೇಳುವುದೇ ಒಂದು ಕೆಲಸ. ಕರೆದವರಿಗೆ ‘ಆಗಲ್ಲ’ ಅನ್ನಲು ಬಾಯಿ ಬರುವುದಿಲ್ಲ. ರಾತ್ರಿ ನಿದ್ದೆ ಹತ್ತುವುದಿಲ್ಲ, ಹಗಲು ಮಕ್ಕಳ ಮೇಲೆ ರೇಗುತ್ತೇನೆ. ಎಲ್ಲ ಮುಗಿದ ಮಾರನೇ ದಿನ ತಲೆನೋವು ಬಂದು ಮಲಗಿಬಿಡುತ್ತೇನೆ. ಸಮಯ ಹೊಂದಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಕೇಳಿರುವುದು ಸಮಯದ ಬಗ್ಗೆ. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮಾತ್ರ ‘ಹೇಳುವುದೇ ಒಂದು ಕೆಲಸ’ ಎಂಬ ಸಾಲಿನ ಮೇಲೆ. ಗಂಟು ಇರುವುದು ಅಲ್ಲೇ. ಗುಡಿಸುವುದು, ಒರೆಸುವುದು, ಬೇಯಿಸುವುದು, ತರುವುದು ಇವನ್ನೆಲ್ಲ ಬೆರಳು ಮಡಚಿ ಎಣಿಸಬಹುದು, ಎಣಿಸಿದ್ದನ್ನು ಹಂಚಲೂಬಹುದು. ಯಾವಾಗ ಏನು ಬೇಕಾದೀತು, ಮನೆಯಲ್ಲಿ ಏನಿದೆ ಏನಿಲ್ಲ, ಯಾರಿಗೆ ಏನು ಆಗಿಬರುವುದಿಲ್ಲ ಎಂಬ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಒಬ್ಬರ ತಲೆಯಲ್ಲಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಆ ಒಬ್ಬರು ನೀವು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆ್ಯಲಿಸನ್ ಡಾಮಿಂಗರ್ 2019ರಲ್ಲಿ ಈ ಕಾಣದ ಕೆಲಸವನ್ನು ಬಿಡಿಸಿ ನೋಡಿದರು. ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದಾಗ ಅವರಿಗೆ ಕಂಡದ್ದು ನಾಲ್ಕು ಹಂತ: ಮುಂದೆ ಬರುವುದನ್ನು ಊಹಿಸುವುದು, ಅದಕ್ಕೆ ಇರುವ ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ತೀರ್ಮಾನದಂತೆ ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ತೀರ್ಮಾನದ ಹೊತ್ತಿಗೆ ಗಂಡಂದಿರೂ ಬಂದು ಕೂಡಿಕೊಳ್ಳುತ್ತಿದ್ದರು. ಊಹಿಸುವುದು ಮತ್ತು ಕಣ್ಣಿಡುವುದು ಬಹುಪಾಲು ಹೆಂಡತಿಯರ ಪಾಲಿಗೇ ಬಿದ್ದಿತ್ತು.

ನೆಂಟರು ಎರಡು ರಾತ್ರಿ ಉಳಿಯಲು ಬರುತ್ತಾರೆ ಅಂದುಕೊಳ್ಳಿ. ಎಷ್ಟು ಜನ, ಅದರಲ್ಲಿ ನೆಲದ ಮೇಲೆ ಮಲಗಲಾಗದವರು ಯಾರು ಎಂದು ಮೊದಲು ಹೊಳೆಯಬೇಕು. ಇರುವ ಬೆಡ್‌ಶೀಟುಗಳಲ್ಲಿ ಒಂದು ಹರಿದಿದೆ ಎಂಬುದು ನೆನಪಾಗಬೇಕು. ದಿಂಬು ಒಂದು ಕಡಿಮೆ ಬೀಳುತ್ತದೆ. ಮಕ್ಕಳನ್ನು ಅತ್ತೆಯ ಕೋಣೆಗೆ ಕಳಿಸುವುದೋ ಹಾಲ್‌ನಲ್ಲಿ ಮಲಗಿಸುವುದೋ ಎಂದು ಯೋಚಿಸಬೇಕು, ಅತ್ತೆಯವರನ್ನೂ ಕೇಳಬೇಕು. ಒಗೆದದ್ದು ಒಣಗಿತೇ ಎಂದು ಎರಡು ಸಲ ಹೋಗಿ ಮುಟ್ಟಿ ನೋಡಬೇಕು. ಇಷ್ಟಾದ ಮೇಲೆ ನೀವು ‘ಸ್ವಲ್ಪ ಹಾಸಿಗೆ ಹಾಸ್ತೀರಾ?’ ಎಂದು ಕೇಳುತ್ತೀರಿ, ನಿಮ್ಮವರು ಹತ್ತು ನಿಮಿಷದಲ್ಲಿ ಹಾಸಿಬಿಡುತ್ತಾರೆ. ಅವರ ಲೆಕ್ಕದಲ್ಲಿ ಹಾಸಿಗೆಯ ಕೆಲಸ ಅವರು ಮಾಡಿದ್ದು. ಅದು ಸುಳ್ಳೂ ಅಲ್ಲ.

ಹಾಗಾಗಿ ಬಿಡಿ ಕೆಲಸ ಹಂಚುವುದನ್ನು ಬಿಟ್ಟುಬಿಡಿ. ತಲೆಯಿಂದ ಬಾಲದವರೆಗೆ ಇಡೀ ಜವಾಬ್ದಾರಿಯನ್ನೇ ಕೊಡಿ. ‘ಈ ಸಲ ನೆಂಟರ ಮಲಗುವ ವ್ಯವಸ್ಥೆ ಪೂರ್ತಿ ನಿಮ್ಮದು. ಎಷ್ಟು ಜನ ಅಂತ ಫೋನ್ ಮಾಡಿ ಕೇಳೋದರಿಂದ ಹಿಡಿದು, ಅವರು ಹೋದಮೇಲೆ ಹಾಸಿಗೆ ಒಗೆದು ಎತ್ತಿಡೋವರೆಗೆ. ನಾನು ಜ್ಞಾಪಿಸಲ್ಲ.’ ಕೊನೆಯ ಮಾತು ಬಹಳ ಮುಖ್ಯ. ನೀವು ಜ್ಞಾಪಿಸಿದ ಕ್ಷಣ ಜವಾಬ್ದಾರಿ ವಾಪಸು ನಿಮ್ಮ ಮಡಿಲಿಗೆ. ಎಷ್ಟಾದರೆ ಸಾಕು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಳ್ಳಿ: ಒಗೆದಿರಬೇಕು, ಎಲ್ಲರಿಗೂ ಹೊದಿಕೆ ಇರಬೇಕು, ಅಷ್ಟೇ. ಆಮೇಲೆ ದಿಂಬಿನ ಕವರಿಗೂ ಬೆಡ್‌ಶೀಟಿಗೂ ಹೊಂದಿಕೆ ಆಗದಿದ್ದರೆ ನೋಡಿಯೂ ನೋಡದಂತೆ ಇರಬೇಕಾಗುತ್ತದೆ. ಇದು ಹೇಳಿದಷ್ಟು ಸುಲಭವಲ್ಲ. ಎಷ್ಟೋ ಮನೆಗಳಲ್ಲಿ ಈ ವ್ಯವಸ್ಥೆ ಮುರಿದುಬೀಳುವುದು ಕೆಲಸ ಮಾಡದ ಗಂಡನಿಂದಲ್ಲ, ಹಾಸಿದ ಹಾಸಿಗೆಯನ್ನು ಮತ್ತೆ ಸರಿಮಾಡಿದ ಹೆಂಡತಿಯಿಂದ. ನಿಷ್ಠುರ ಅನ್ನಿಸಿದರೆ ಕ್ಷಮಿಸಿ, ಆದರೆ ಸತ್ಯ.

13 ವರ್ಷದವರಿಗೆ ಒಂದು ಇಡೀ ಕೆಲಸ ಧಾರಾಳವಾಗಿ ಕೊಡಬಹುದು. ಪ್ರಯಾಣ ಇದ್ದರೆ ಇಬ್ಬರು ಮಕ್ಕಳ ಬ್ಯಾಗು ಪೂರ್ತಿ ಆ ಮಗುವಿನದೇ. ಏನೋ ಒಂದು ಮರೆತರೆ ಮರೆಯಲಿ, ಮದುವೆಯಾಗಿ ಮಕ್ಕಳಾದವರೂ ಮರೆಯುತ್ತಾರೆ. ಒಂಬತ್ತರ ಮಗುವಿಗೆ ಇಷ್ಟು ದೊಡ್ಡದು ಬೇಡ, ಜೊತೆಗೊಬ್ಬರಿರಲಿ. ಅತ್ತೆಯವರ ಬಗ್ಗೆ ನೀವು ಹೆಚ್ಚೇನೂ ಬರೆದಿಲ್ಲ. ಇಷ್ಟು ವರ್ಷ ಇದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮನೆ ನಡೆಸಿದವರು ಅವರೇ ಇರಬೇಕು. ಫೋನ್ ಮಾಡಿ ಎಲ್ಲರ ಬರುವ ಹೋಗುವ ದಿನ ಗೊತ್ತುಮಾಡುವಂಥ ಕೂತು ಮಾಡುವ ಕೆಲಸವನ್ನು ‘ಇದು ನಿಮ್ಮದೇ’ ಎಂದು ಒಪ್ಪಿಸಿದರೆ ಬೇಡ ಅನ್ನಲಾರರು ಎಂದು ನನ್ನ ಊಹೆ.

ಒಂದು ಎಚ್ಚರಿಕೆ. ಯಾರು ಹೆಚ್ಚು ಮಾಡುತ್ತಾರೆ ಎಂಬ ಚರ್ಚೆಗೆ ಇಳಿಯಬೇಡಿ. ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ದಂಪತಿಗಳನ್ನು ಬೇರೆ ಬೇರೆಯಾಗಿ ಕೇಳಿದ್ದರು, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು. ಇಬ್ಬರ ಉತ್ತರ ಕೂಡಿಸಿದರೆ ಮೊತ್ತ ನೂರು ದಾಟುತ್ತಿತ್ತು. ನಾವು ಮಾಡಿದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದನ್ನು ನಾವು ನೋಡಿಯೇ ಇರುವುದಿಲ್ಲ. ಆ ಜಗಳದಲ್ಲಿ ಗೆದ್ದವರಿಲ್ಲ. ಅದರ ಬದಲು ತಲೆಯಲ್ಲಿರುವುದನ್ನೆಲ್ಲ ಒಂದು ದೊಡ್ಡ ಹಾಳೆಗೆ ಇಳಿಸಿ, ಎಲ್ಲರೂ ಓಡಾಡುವ ಕಡೆ ಗೋಡೆಗೆ ಅಂಟಿಸಿ, ಪ್ರತಿಯೊಂದರ ಮುಂದೆ ಒಂದೇ ಒಂದು ಹೆಸರು ಬರೆಯಿರಿ. ಎರಡು ಹೆಸರು ಬರೆದರೆ ಅದು ನಿಮ್ಮದೇ ಎಂದು ತಿಳಿಯಿರಿ. ಇದಕ್ಕೆ ಮೊಬೈಲ್ ಆ್ಯಪ್ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ್ಯಪ್ ತೆರೆದು ನೋಡುವವರು ಮತ್ತೆ ನೀವೊಬ್ಬರೇ ಆಗುತ್ತೀರಿ.

ಈಗ ಅರ್ಧಕ್ಕೇ ನಿಲ್ಲುವ ಪಟ್ಟಿಯ ವಿಷಯ. ಇದರಲ್ಲಿ ನಿಮ್ಮ ಸೋಮಾರಿತನ ಏನೂ ಇಲ್ಲ. ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಊಹಿಸುವಾಗ ಮನುಷ್ಯರು ಎಲ್ಲ ಸಲೀಸಾಗಿ ನಡೆದ ಚಿತ್ರವನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1970ರ ದಶಕದ ಕೊನೆಯಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂದು ಕೇಳಿದಾಗ ಅವರು ಹೇಳಿದ್ದು ಸುಮಾರು 49 ದಿನ. ಅಂದರೆ ಅತಿ ಕೆಟ್ಟ ಊಹೆಗಿಂತಲೂ ಕೆಟ್ಟದ್ದೇ ನಡೆಯಿತು.

ಊಹಿಸಲು ಹೋಗದಿರುವುದೇ ಇದಕ್ಕೆ ಮದ್ದು. ಹೋದ ವರ್ಷ ಏನಾಯಿತು ಎಂದು ನೆನಪಿಸಿಕೊಳ್ಳಿ. ಫೋನಿನಲ್ಲಿ ಆ ವಾರದ ಫೋಟೊ, ಮೆಸೇಜು, ಬಿಲ್ಲು ತೆಗೆದು ನೋಡಿದರೆ ಯಾವ ದಿನ ಯಾವ ಹೊತ್ತಿಗೆ ಎಲ್ಲಿದ್ದಿರಿ ಎಂಬುದು ಸಾಕಷ್ಟು ತಿಳಿಯುತ್ತದೆ. ‘ಅರ್ಧ ದಿನದಲ್ಲಿ ಬಟ್ಟೆ ಖರೀದಿ ಮುಗಿಸ್ತೀವಿ’ ಎಂದು ಹೊರಟು ಕತ್ತಲಾದ ಮೇಲೆ ಬಂದಿದ್ದರೆ ಈ ಸಲವೂ ಹಾಗೇ ಆಗುತ್ತದೆ, ಇಡೀ ದಿನ ಎಂದೇ ಬರೆದುಕೊಳ್ಳಿ. ದಿನದ ಮೂರನೇ ಒಂದು ಪಾಲು ಖಾಲಿ ಬಿಡಿ. ಆ ಖಾಲಿ ಹೊತ್ತು ಹಾಳಾಗುವುದಿಲ್ಲ. ಕೆಟ್ಟುಹೋಗುವ ಮಿಕ್ಸಿ, ಜ್ವರ ಬರುವ ಮಗು, ಹೇಳದೆ ಬರುವ ನೆಂಟರು ಅದನ್ನು ತಪ್ಪದೆ ತುಂಬುತ್ತಾರೆ.

ಇನ್ನೊಂದು ದೋಷ ಪಟ್ಟಿಯ ಭಾಷೆಯಲ್ಲೇ ಇರುತ್ತದೆ. ‘ಮನೆ ಕ್ಲೀನು’ ಎಂದು ಬರೆದರೆ ಎಲ್ಲಿಂದ ಹಿಡಿಯುವುದು? ಪೀಟರ್ ಗಾಲ್ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಡೆದದ್ದು ಹಬ್ಬದ ನಡುವೆಯೇ. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂದು 48 ಗಂಟೆಯೊಳಗೆ ವರದಿ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಅರ್ಧ ಜನರಿಗೆ ಇಷ್ಟೇ ಹೇಳಿದರು. ಉಳಿದವರಿಂದ ಯಾವ ಹೊತ್ತಿಗೆ, ಎಲ್ಲಿ ಕೂತು ಬರೆಯುತ್ತೀರಿ ಎಂಬುದನ್ನೂ ಮೊದಲೇ ಬರೆಸಿಕೊಂಡರು. ಹೊತ್ತು, ಜಾಗ ಗೊತ್ತುಮಾಡಿಕೊಂಡವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನ ಕಳಿಸಿದರು. ಉಳಿದವರಲ್ಲಿ ಕಳಿಸಿದ್ದು ಮೂರರಲ್ಲೊಬ್ಬರಷ್ಟೇ. ಆದ್ದರಿಂದ ‘ಮನೆ ಕ್ಲೀನು’ ಅಳಿಸಿ, ‘ಶನಿವಾರ ತಿಂಡಿ ಆದ ತಕ್ಷಣ, ಅಡುಗೆಮನೆಯ ಮೇಲಿನ ಎರಡು ಶೆಲ್ಫು’ ಎಂದು ಬರೆಯಿರಿ. ಹೊತ್ತು ಹಾಕಲು ಜಾಗವೇ ಸಿಗದ ಕೆಲಸ ಈ ಸಲ ಆಗುವುದಿಲ್ಲ. ಅದು ಈಗಲೇ ಗೊತ್ತಾದರೆ ಒಳ್ಳೆಯದಲ್ಲವೇ?

ಏನನ್ನು ಬಿಡುವುದು ಎಂದು ತೀರ್ಮಾನಿಸಲು ಮನೆಯವರನ್ನೆಲ್ಲ ಕೂರಿಸಿ ಒಂದೇ ಪ್ರಶ್ನೆ ಕೇಳಿ: ‘ಯಾವುದೊಂದು ಇಲ್ಲದಿದ್ದರೆ ನಿಮಗೆ ಹಬ್ಬ ಅನ್ನಿಸೋದೇ ಇಲ್ಲ?’ ಒಬ್ಬರಿಗೆ ಒಂದೇ ಉತ್ತರ. ನೀವು ರಾತ್ರಿ ಹನ್ನೊಂದರವರೆಗೆ ಎದ್ದು ಮಾಡುವ ಎಷ್ಟೋ ಸಂಗತಿಗಳನ್ನು ಯಾರೂ ಹೇಳುವುದೇ ಇಲ್ಲ, ಆಶ್ಚರ್ಯವಾಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಟಿಮ್ ಕ್ಯಾಸರ್ ಮತ್ತು ಕೆನನ್ ಶೆಲ್ಡನ್ 2002ರಲ್ಲಿ ಕ್ರಿಸ್‌ಮಸ್ ಆಚರಿಸುವವರನ್ನು ಕೇಳಿ ಕಂಡುಕೊಂಡದ್ದೂ ಇದಕ್ಕೆ ಹತ್ತಿರದ್ದೇ. ಮನೆಯವರೊಂದಿಗೆ ಕಳೆದ ಹೊತ್ತು ಮತ್ತು ಭಕ್ತಿಯ ಸಂಗತಿಗಳು ಮೇಲಿದ್ದವರು ಹಬ್ಬ ಚೆನ್ನಾಗಿತ್ತು ಅಂದರು. ಖರ್ಚು ಮಾಡುವುದು, ಉಡುಗೊರೆ ಪಡೆಯುವುದು ಮೇಲುಗೈಯಾದವರಿಗೆ ನೆಮ್ಮದಿ ಕಡಿಮೆ ಇತ್ತು.

ಬಂದವರು ಏನಂದುಕೊಳ್ಳುತ್ತಾರೋ ಎಂಬ ಭಯ ಇದ್ದೇ ಇರುತ್ತದೆ. ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀ ಶರ್ಟು ತೊಡಿಸಿ ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಅರ್ಧಕ್ಕರ್ಧ ಜನ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಅದರ ಸುಮಾರು ಅರ್ಧದಷ್ಟೇ. ನಿಮ್ಮ ಕಿಟಕಿಯ ಧೂಳಿನ ಗತಿಯೂ ಅದೇ.

ಆಫೀಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಜೆಯ ದಿನಾಂಕವನ್ನು ಮೇಲಿನವರಿಗೆ ಎರಡು ಮೂರು ವಾರ ಮೊದಲೇ ಲಿಖಿತವಾಗಿ ತಿಳಿಸಿ, ‘ಅಷ್ಟರೊಳಗೆ ಇವಿಷ್ಟು ಮುಗಿಸುತ್ತೇನೆ, ಇವು ಬಂದ ಮೇಲೆ’ ಎಂಬ ಎರಡು ಸಾಲು ಜೊತೆಗಿರಲಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಎದ್ದರೆ ಮನಸ್ಸಿನ ಒಂದು ಚೂರು ಅದರಲ್ಲೇ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಕಂಪ್ಯೂಟರ್ ಮುಚ್ಚುವ ಮೊದಲು, ಎಲ್ಲಿಗೆ ನಿಲ್ಲಿಸಿದೆ, ಮತ್ತೆ ಎಲ್ಲಿಂದ ಶುರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಆ ಎಳೆತ ಕಡಿಮೆಯಾಗುತ್ತದೆ.

‘ಆಗಲ್ಲ’ ಅನ್ನುವುದು. ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ 2023ರಲ್ಲಿ ಇದನ್ನೇ ಪರೀಕ್ಷಿಸಿದರು. ಕರೆದವರಿಗೆ ಎಷ್ಟು ಬೇಸರವಾಗುತ್ತದೆ ಎಂದು ಬರಲಾಗದವರು ಊಹಿಸುತ್ತಾರೋ, ನಿಜವಾಗಿ ಆಗುವ ಬೇಸರ ಅದಕ್ಕಿಂತ ಕಡಿಮೆ. ನನ್ನ ಅನುಭವದಲ್ಲಿ ಸಂಬಂಧ ಕೆಡಿಸುವುದು ‘ನೋಡೋಣ, ಪ್ರಯತ್ನ ಮಾಡ್ತೀನಿ’ ಎಂಬ ಉತ್ತರ. ಅವರು ಕೊನೆಯವರೆಗೆ ಕಾಯುತ್ತಾರೆ, ನೀವು ಕೊನೆಯವರೆಗೆ ಕೊರಗುತ್ತೀರಿ. ಹೀಗೆ ಹೇಳಿ ನೋಡಿ: ‘ಅಕ್ಕಾ, ಕರೆದಿದ್ದು ಬಹಳ ಖುಷಿ ಆಯ್ತು. ಈ ಸಲ ಬರೋಕಾಗಲ್ಲ. ಹಬ್ಬ ಮುಗಿದ ಮೇಲೆ ಒಂದು ಭಾನುವಾರ ನಾವೇ ಬರ್ತೀವಿ.’ ಕಾರಣಗಳ ಸರಮಾಲೆ ಬೇಡ. ಒಂದೊಂದು ಕಾರಣಕ್ಕೂ ಅವರ ಹತ್ತಿರ ಪರಿಹಾರ ಇರುತ್ತದೆ, ನೀವು ಮಾತಿನಲ್ಲಿ ಸೋಲುತ್ತೀರಿ. ಹೋಗಲೇಬೇಕಾದ ಕಡೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂಬುದನ್ನು ಬಾಗಿಲಲ್ಲೇ ಹೇಳಿಬಿಡಿ.

ಉಡುಗೊರೆ ಹುಡುಕಾಟಕ್ಕೂ ಒಂದು ಮಾತು. ಏನು ಬೇಕೆಂದು ಕೇಳಿ ಅದನ್ನೇ ಕೊಡಿ. ಕೇಳಿದ್ದನ್ನು ಕೊಟ್ಟರೆ ಪ್ರೀತಿ ಕಡಿಮೆ ಎಂದು ಕೊಡುವವರಿಗಷ್ಟೇ ಅನ್ನಿಸುತ್ತದೆ, ಪಡೆಯುವವರಿಗೆ ಅದೇ ಹೆಚ್ಚು ಇಷ್ಟ ಎಂಬುದನ್ನು ಫ್ರಾಂಚೆಸ್ಕಾ ಜಿನೊ ಮತ್ತು ಫ್ರಾಂಕ್ ಫ್ಲಿನ್ 2011ರಲ್ಲಿ ತೋರಿಸಿದ್ದಾರೆ.

ರಾತ್ರಿಯ ವಿಷಯಕ್ಕೆ ಬರೋಣ. ದೀಪ ಆರಿಸಿದ ಮೇಲೆ ತಲೆಯಲ್ಲಿ ಮೆರವಣಿಗೆ ಹೊರಡುತ್ತದಲ್ಲ, ಅದು ಬಾಕಿ ಕೆಲಸಗಳದ್ದು. ಮೈಕಲ್ ಸ್ಕಲಿನ್ ಅವರ ತಂಡ 2018ರಲ್ಲಿ 57 ಮಂದಿ ಯುವಜನರನ್ನು ನಿದ್ರೆಯ ಪ್ರಯೋಗಾಲಯದಲ್ಲಿ ಮಲಗಿಸಿ, ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿತು. ಅರ್ಧ ಜನ ಮುಂದೆ ಮಾಡಬೇಕಾದ್ದನ್ನು ಬರೆದರು, ಉಳಿದವರು ಮಾಡಿ ಮುಗಿಸಿದ್ದನ್ನು. ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಬಿಡಿಬಿಡಿಯಾಗಿ ಬರೆದಷ್ಟೂ ಬೇಗ. ದಿಂಬಿನ ಪಕ್ಕ ಪುಸ್ತಕ, ಪೆನ್ನು ಇರಲಿ. ಫೋನಿನಲ್ಲಿ ಬರೆಯಲು ಹೋದರೆ ವಾಟ್ಸ್ಯಾಪ್ ಗುಂಪಿನ ಶುಭಾಶಯಗಳಲ್ಲಿ ಅರ್ಧ ಗಂಟೆ ಕಳೆದಿರುತ್ತೀರಿ. ಓಡಾಟದ ದಿನಗಳಲ್ಲಿ ಸಂಜೆಯ ಕಾಫಿ, ಟೀ ಲೆಕ್ಕ ತಪ್ಪುತ್ತದೆ. ಮಲಗುವ 6 ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ನಿದ್ದೆಯನ್ನು ಒಂದು ಗಂಟೆಗೂ ಹೆಚ್ಚು ಕಡಿಮೆ ಮಾಡಿತು ಎಂದು 2013ರ ಒಂದು ಪ್ರಯೋಗ ಹೇಳುತ್ತದೆ. ಅದು ದೊಡ್ಡ ಪ್ರಮಾಣವೇ, ಆದರೂ ಮಧ್ಯಾಹ್ನದ ಮೇಲೆ ಕೈ ಬಿಗಿ ಮಾಡಿ. ವಯಸ್ಕರಿಗೆ ಬೇಕಾದ ಕನಿಷ್ಠ 7 ಗಂಟೆಯಲ್ಲಿ ಕಡಿಮೆ ಬಿದ್ದದ್ದನ್ನು ಮರುದಿನ ತೆರುವವರು ನಿಮ್ಮ ಮಕ್ಕಳು. ರೇಗುವುದಕ್ಕೆ ಕಾರಣ ಹುಡುಕುವಾಗ ಸ್ವಭಾವಕ್ಕಿಂತ ಮೊದಲು ಹಿಂದಿನ ರಾತ್ರಿಯನ್ನು ನೋಡಿ.

ರೇಗುವ ಕ್ಷಣಕ್ಕೆಂದು ಒಂದು ಉಸಿರಾಟ ಹೇಳುತ್ತೇನೆ, ಸ್ನಾನದ ಕೋಣೆಯಲ್ಲಿ ನಿಂತೂ ಮಾಡಬಹುದು. ಮೂಗಿನಿಂದ ಉಸಿರು ಎಳೆದುಕೊಳ್ಳಿ, ಬಿಡದೆ ಇನ್ನೊಂದು ಗುಟುಕು ಎಳೆಯಿರಿ, ಆಮೇಲೆ ಬಾಯಿಂದ ಉದ್ದಕ್ಕೆ ನಿಧಾನವಾಗಿ ಬಿಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 5 ನಿಮಿಷ, ಒಂದು ತಿಂಗಳು ಹೀಗೆ ಮಾಡಿದವರ ಮನಸ್ಸು, ಅಷ್ಟೇ ಹೊತ್ತು ಧ್ಯಾನಕ್ಕೆ ಕೂತವರಿಗಿಂತ ಹೆಚ್ಚು ಹಗುರಾಗಿತ್ತು. ಗದರಿಬಿಟ್ಟ ಮೇಲಾದರೆ ಮಗುವಿಗೆ ‘ನಿನ್ನ ತಪ್ಪಲ್ಲ, ನಂಗೆ ಸುಸ್ತಾಗಿತ್ತು’ ಎಂದು ಹೇಳಿಬಿಡಿ.

ನೀವು ಬರೆದ ‘ಎದೆ ಡವಡವ’ ಆತಂಕದ್ದೇ ಇರಬಹುದು. ಆದರೂ ಹಬ್ಬಕ್ಕೆ ಮೊದಲೇ ಒಮ್ಮೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಏರುಪೇರು, ರಕ್ತಹೀನತೆ ಎರಡರಲ್ಲೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಮನೆಯ ಹಿರಿಯರ ಬಗ್ಗೆಯೂ ನಿಗಾ ಇರಲಿ. ಸ್ವೀಡನ್ನಿನ ಹಲವು ವರ್ಷಗಳ ಹೃದಯಾಘಾತದ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ ಹೃದಯಾಘಾತದ ಅಪಾಯ 37% ಹೆಚ್ಚಿತ್ತು, 75 ದಾಟಿದವರಲ್ಲಿ ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಸ್ಪಷ್ಟವಾಗಿ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ‘ಮನೆ ತುಂಬ ಜನ ಇದ್ದಾರೆ, ನಾಳೆ ನೋಡೋಣ’ ಎಂದು ಯಾರೂ ಹೇಳಬಾರದು.

ಕೊನೆಗೆ ಆ ಮಾರನೇ ದಿನದ ತಲೆನೋವು. ಅದು ನಿಮ್ಮ ಭ್ರಮೆಯಲ್ಲ. ರಿಚರ್ಡ್ ಲಿಪ್ಟನ್ ಅವರ ತಂಡ ಮೈಗ್ರೇನ್ ಇರುವವರಿಂದ ದಿನಚರಿ ಬರೆಸಿ 2014ರಲ್ಲಿ ಹೇಳಿದ್ದು ಇದನ್ನೇ: ಒತ್ತಡ ಇಳಿದ ಮೊದಲ 6 ಗಂಟೆಗಳಲ್ಲಿ ಮೈಗ್ರೇನ್ ಬರುವ ಸಾಧ್ಯತೆ ಸುಮಾರು ಐದು ಪಟ್ಟು. ಅಧ್ಯಯನ ಚಿಕ್ಕದು, ಆದರೆ ಇಂಥ ದೂರು ಹೇಳುವವರು ಬಹಳ. ಒತ್ತಡ ಇಳಿಯುವ ಹೊತ್ತಿಗೇ ನಿದ್ದೆ, ಊಟ, ಕಾಫಿ ಎಲ್ಲದರ ಹೊತ್ತೂ ಬದಲಾಗಿಬಿಡುವುದು ಇನ್ನೊಂದು ಪೆಟ್ಟು. ಎಲ್ಲ ಮುಗಿಯಿತೆಂದು ಹತ್ತು ಗಂಟೆಯವರೆಗೆ ಮಲಗಬೇಡಿ. ಎಂದಿನ ಹೊತ್ತಿಗೇ ಎದ್ದು, ಎಂದಿನ ಹೊತ್ತಿಗೇ ತಿಂಡಿ, ಕಾಫಿ ಮಾಡಿ, ಬೇಕಾದರೆ ಮಧ್ಯಾಹ್ನ ಅಡ್ಡಾಗಿ. ಸಾಧ್ಯವಿದ್ದರೆ ಹಬ್ಬ ಮುಗಿದ ಮಾರನೇ ದಿನವೇ ಆಫೀಸಿಗೆ ಓಡುವ ಬದಲು ಒಂದು ದಿನದ ರಜೆ ಆ ಕಡೆಗೂ ಇಟ್ಟುಕೊಳ್ಳಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ನುಂಗುವುದು ಅಭ್ಯಾಸವಾದರೆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ, ನಿಮ್ಮದು ಆ ಮಟ್ಟಕ್ಕೆ ಹೋಗಿದೆಯೇ ನೋಡಿಕೊಳ್ಳಿ. ನೋವು ಯಾವ ದಿನ, ಎಷ್ಟು ಹೊತ್ತು, ತಲೆಯ ಯಾವ ಕಡೆ, ಬೆಳಕು ಕಂಡರೆ ಅಥವಾ ವಾಂತಿ ಬಂದಂತಾಗಿ ಕಷ್ಟವಾಯಿತೇ, ಎಷ್ಟು ಮಾತ್ರೆ ತೆಗೆದುಕೊಂಡಿರಿ ಎಂಬುದನ್ನು ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನರರೋಗ ತಜ್ಞರ ಹತ್ತಿರ ಒಯ್ಯಿರಿ. ಮೈಗ್ರೇನ್ ಎಂದು ಖಚಿತವಾದರೆ ಅದಕ್ಕೆ ಬೇರೆಯದೇ ಔಷಧಿಗಳಿವೆ.